ಬೈಪ್ಲೇನ್ ನೆಲಕ್ಕುರುಳಿದಾಗ: ಯಾಂತ್ರಿಕ ದೋಷ ಎಲ್ಲಿ ಹುಟ್ಟುತ್ತದೆ?

ಎರಡನೆಯ ಮಹಾಯುದ್ಧದ ಕಾಲದ ಬೈಪ್ಲೇನ್ ಒಂದು ಇಳಿಯುವಾಗ ಮಗುಚಿಬಿತ್ತು, ಯಾಂತ್ರಿಕ ದೋಷ ಕಾರಣವೆಂದು ಶಂಕಿಸಲಾಗಿದೆ, ಪೈಲಟ್ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾಗಿದ್ದಾರೆ. ಇಷ್ಟೇ ವಿವರಗಳ ಸುದ್ದಿಗಳು ಬ್ರಿಟನ್, ಅಮೆರಿಕ ಮತ್ತು ಆಸ್ಟ್ರೇಲಿಯಾಗಳಿಂದ ಆಗಾಗ ಬರುತ್ತಿರುತ್ತವೆ. ಓದುಗರಿಗೆ ಇದರಲ್ಲಿ ಹಲವು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲ. ವಿಮಾನವೇ ತಲೆಕೆಳಗಾದ ಮೇಲೂ ಒಳಗಿದ್ದವರು ಎದ್ದು ನಡೆದು ಬಂದದ್ದು ಹೇಗೆ? ಕಂಪ್ಯೂಟರ್ ಇಲ್ಲದ, ಮಡಚಿಕೊಳ್ಳುವ ಚಕ್ರಗಳೂ ಇಲ್ಲದ ಇಷ್ಟು ಸರಳ ಯಂತ್ರದಲ್ಲಿ ಕೆಡುವುದಕ್ಕಾದರೂ ಏನಿದೆ? ಎಲ್ಲಕ್ಕಿಂತ ಹೆಚ್ಚಾಗಿ, 80 ವರ್ಷ ದಾಟಿದ ವಿಮಾನದಲ್ಲಿ ಹಣ ಪಡೆದು ಜನರನ್ನು ಕೂರಿಸಿಕೊಂಡು ಹಾರಲು ಯಾವ ಆಧಾರದ ಮೇಲೆ ಅನುಮತಿ ಸಿಗುತ್ತದೆ?

ಈ ಪ್ರಶ್ನೆಗಳು ನಮಗೆ ತೀರ ದೂರದವಲ್ಲ. 2015ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಬ್ರಿಟನ್ನಿನ ತಂಡವೊಂದು ಬೋಯಿಂಗ್ ಸ್ಟಿಯರ್‌ಮನ್ ಬೈಪ್ಲೇನ್‌ಗಳನ್ನು ಹಾರಿಸಿತ್ತು. ಮೇಲಿನ ರೆಕ್ಕೆಯ ಮೇಲೆ ನಿಂತು ಕಸರತ್ತು ಮಾಡುತ್ತಿದ್ದ ಯುವತಿಯರನ್ನು ಬೆಂಗಳೂರಿನ ಸಾವಿರಾರು ಜನ ಕಣ್ಣಾರೆ ಕಂಡರು. ಅದೇ ತಂಡದ ಸ್ಟಿಯರ್‌ಮನ್ ಒಂದು 2021ರ ಸೆಪ್ಟೆಂಬರ್ 4ರಂದು ಇಂಗ್ಲೆಂಡಿನ ಬೋರ್ನ್‌ಮತ್ ವೈಮಾನಿಕ ಉತ್ಸವದಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡು ಪೂಲ್ ಬಂದರಿನ ನೀರಿನ ಮೇಲೆ ಇಳಿಯಬೇಕಾಯಿತು. ವಿಮಾನ ನೀರಿನಲ್ಲಿ ಮಗುಚಿತು. ಪೈಲಟ್ ಮತ್ತು ರೆಕ್ಕೆಯ ಮೇಲಿನ ಕಲಾವಿದೆ ಇಬ್ಬರೂ ಸಣ್ಣ ಗಾಯಗಳೊಂದಿಗೆ ಬದುಕುಳಿದರು.

ಇಂತಹ ಸುದ್ದಿಗಳಲ್ಲಿ ವಿಮಾನದ ವಯಸ್ಸೇ ಮುಖ್ಯ ಆರೋಪಿಯಾಗಿ ಕಾಣುತ್ತದೆ. ಆದರೆ ತನಿಖಾ ವರದಿಗಳನ್ನು ಓದುತ್ತಾ ಹೋದಂತೆ ಬೇರೆಯೇ ಚಿತ್ರ ಮೂಡುತ್ತದೆ. ಮುರಿದ ಅಥವಾ ಸಡಿಲಗೊಂಡ ಭಾಗವನ್ನು ಯಾವಾಗ ಬಿಚ್ಚಿ ನೋಡಬೇಕು, ಎಷ್ಟು ಗಂಟೆಗಳ ಬಳಿಕ ಬದಲಿಸಬೇಕು, ಅದರ ಗುಣಮಟ್ಟಕ್ಕೆ ಯಾರು ಹೊಣೆ ಎಂಬುದನ್ನು ಹೇಳಬೇಕಾದ ವ್ಯವಸ್ಥೆ ಎಲ್ಲೋ ಒಂದೆಡೆ ಕಡಿದುಹೋಗಿರುತ್ತದೆ. ಯಾಂತ್ರಿಕ ದೋಷದ ಮೂಲ ಬಹುಪಾಲು ಅಲ್ಲಿದೆ.

ನೆಲ ಮುಟ್ಟಿದ ಮೇಲಿನ ಕಷ್ಟ

ಬೈಪ್ಲೇನ್ ಎಂದರೆ ಒಂದರ ಮೇಲೊಂದರಂತೆ ಎರಡು ಜೊತೆ ರೆಕ್ಕೆಗಳಿರುವ ವಿಮಾನ. ಎಂಜಿನ್‌ಗಳ ಶಕ್ತಿ ಕಡಿಮೆಯಿದ್ದ ಕಾಲದಲ್ಲಿ ಮರ, ಬಟ್ಟೆ ಮತ್ತು ತಂತಿಗಳಿಂದಲೇ ಹಗುರವಾದರೂ ಗಟ್ಟಿಯಾದ ರಚನೆಯನ್ನು ಪಡೆಯಲು ಎರಡು ರೆಕ್ಕೆಗಳನ್ನು ಪರಸ್ಪರ ಬಿಗಿದು ಕಟ್ಟುವ ಈ ವಿಧಾನ ಅನುಕೂಲವಾಗಿತ್ತು. 1931ರ ಅಕ್ಟೋಬರ್ 26ರಂದು ಮೊದಲ ಬಾರಿಗೆ ಹಾರಿದ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಟೈಗರ್ ಮಾತ್ ಈ ಪೀಳಿಗೆಯ ಅತ್ಯಂತ ಪರಿಚಿತ ವಿಮಾನ. 130 ಅಶ್ವಶಕ್ತಿಯ ಒಂದೇ ಎಂಜಿನ್, ಮುಂದೆ ಹಿಂದೆ ಎರಡು ತೆರೆದ ಆಸನ, ಕೈಯಿಂದ ತಿರುಗಿಸಿ ಚಾಲೂ ಮಾಡುವ ಪ್ರೊಪೆಲ್ಲರ್. ಮೂಲ ವಿನ್ಯಾಸದಲ್ಲಿ ಬ್ರೇಕ್ ಇರಲಿಲ್ಲ, ಬಾಲದಡಿ ಚಕ್ರದ ಬದಲು ನೆಲವನ್ನು ಉಜ್ಜುತ್ತಾ ಸಾಗುವ ಲೋಹದ ತುಂಡೊಂದಿತ್ತು. ಟೈಗರ್ ಮಾತ್ ಮತ್ತು ಅಮೆರಿಕದ ಸ್ಟಿಯರ್‌ಮನ್ ಎರಡೂ ತಲಾ 8,000ಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು. ಎರಡೂ ಹೊಸಬರಿಗೆ ಹಾರಾಟ ಕಲಿಸುವ ವಿಮಾನಗಳಾಗಿದ್ದವು.

ಇವುಗಳಲ್ಲಿ ಅವಘಡವಾದರೂ ಜೀವ ಉಳಿಯುವುದೇಕೆ ಎಂಬುದಕ್ಕೆ ಉತ್ತರ ವೇಗದಲ್ಲಿದೆ. ಟೈಗರ್ ಮಾತ್ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಬಲ್ಲದು. ಇಂದಿನ ಪ್ರಯಾಣಿಕ ಜೆಟ್ ವಿಮಾನ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತದೆ. ಚಲನೆಯಲ್ಲಿರುವ ವಸ್ತುವಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದೊಂದು ಕಿಲೋ ತೂಕಕ್ಕೂ ಬೈಪ್ಲೇನ್ ಹೀರಿಕೊಳ್ಳಬೇಕಾದ ಆಘಾತ ಜೆಟ್ ವಿಮಾನದ ಸುಮಾರು ಹದಿಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ವಿಮಾನ ತಲೆಕೆಳಗಾದಾಗ ಮೇಲಿನ ರೆಕ್ಕೆಯೂ ಅದನ್ನು ಹಿಡಿದ ಕಂಬಗಳೂ ಮೊದಲು ನೆಲಕ್ಕೆ ತಗುಲಿ ಆಸನಗಳಿಗೆ ಸ್ವಲ್ಪ ರಕ್ಷಣೆ ಕೊಡುತ್ತವೆ. ಛಾಯಾಚಿತ್ರದಲ್ಲಿ ಭಯಂಕರವಾಗಿ ಕಾಣುವ ದೃಶ್ಯಕ್ಕೂ ಗಾಯದ ಪ್ರಮಾಣಕ್ಕೂ ತಾಳೆಯಾಗದಿರುವುದು ಇದರಿಂದ.

ಆದರೆ ಇದೇ ವಿಮಾನಗಳು ನೆಲದ ಮೇಲೆ ಸುಲಭವಾಗಿ ಹತೋಟಿ ತಪ್ಪುತ್ತವೆ. ಇಂದಿನ ವಿಮಾನಗಳಿಗೆ ಮೂಗಿನಡಿ ಒಂದು ಚಕ್ರವಿರುತ್ತದೆ. ಇವುಗಳಿಗೆ ಮುಂದೆ ಎರಡು ಮುಖ್ಯ ಚಕ್ರ, ಬಾಲದಡಿ ಒಂದು ಆಧಾರ. ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಬೀಳುತ್ತದೆ. ಸಾಮಾನು ತುಂಬಿದ ತಳ್ಳುಗಾಡಿಯನ್ನು ಹಿಂದುಮುಂದಾಗಿ ತಳ್ಳಿದರೆ ಅದು ಹೇಗೆ ತಾನಾಗಿಯೇ ಪಕ್ಕಕ್ಕೆ ತಿರುಗಲು ಹವಣಿಸುತ್ತದೆಯೋ ಹಾಗೆ, ಈ ವಿಮಾನ ಒಮ್ಮೆ ಸ್ವಲ್ಪ ಓರೆಯಾದರೆ ಹಿಂಬದಿಯ ಭಾರ ಆ ಓರೆಯನ್ನು ತಿದ್ದುವ ಬದಲು ಹೆಚ್ಚಿಸುತ್ತಾ ಹೋಗುತ್ತದೆ. ಪೈಲಟ್ ಕಾಲಿನಡಿಯ ಪೆಡಲ್‌ಗಳಿಂದ ತಕ್ಷಣ ಸರಿಪಡಿಸದಿದ್ದರೆ ವಿಮಾನ ಗಿರ್ರನೆ ಸುತ್ತಿ ಹೊರಬದಿಯ ಕೆಳರೆಕ್ಕೆ ನೆಲಕ್ಕೆ ತಾಗುತ್ತದೆ. ಮೂಗು ಮೇಲಕ್ಕೆ ಎತ್ತಿಕೊಂಡಿರುವುದರಿಂದ ನೆಲದ ಮೇಲೆ ಓಡುವಾಗ ನೇರ ಮುಂದಿನ ದಾರಿಯೂ ಕಾಣುವುದಿಲ್ಲ.

ಇಂತಹ ಯಂತ್ರದಲ್ಲಿ ಚಿಕ್ಕ ದೋಷವೂ ಚಿಕ್ಕದಾಗಿ ಉಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಎಡ ಮತ್ತು ಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಇರುವ ಸ್ಟಿಯರ್‌ಮನ್‌ನಂತಹ ವಿಮಾನದಲ್ಲಿ ಒಂದು ಬದಿಯ ಬ್ರೇಕ್ ಬಿಗಿಹಿಡಿದರೆ, ಬಾಲಚಕ್ರವನ್ನು ತಿರುಗಿಸುವ ಜೋಡಣೆ ಕಳಚಿದರೆ, ಚಕ್ರದ ಕಾಲಿನಲ್ಲಿ ಬಿರುಕು ಬಿಟ್ಟಿದ್ದರೆ, ಮೂಗಿನ ಚಕ್ರದ ವಿಮಾನದಲ್ಲಿ ಬರೀ ರಿಪೇರಿಯ ಖರ್ಚಾಗುತ್ತಿದ್ದ ಸಂಗತಿ ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ವಿಮಾನವನ್ನೇ ಉರುಳಿಸಬಹುದು. ಎಂಜಿನ್ ಕೈಕೊಟ್ಟು ಹೊಲದಲ್ಲೋ ನೀರಿನಲ್ಲೋ ಇಳಿಯಬೇಕಾದಾಗ, ಮಡಚಲಾಗದ ಮುಂದಿನ ಚಕ್ರಗಳು ಮೆದು ನೆಲಕ್ಕೆ ಸಿಕ್ಕಿಕೊಂಡು ವಿಮಾನ ಮೂಗಿನ ಮೇಲೆ ಮಗುಚುವುದೂ ಇದೇ ರಚನೆಯ ಫಲ.

ಸುತ್ತಲಿನ ಪರಿಸರ ಬದಲಾದದ್ದೂ ಇದಕ್ಕೆ ಸೇರಿಕೊಂಡಿದೆ. ಈ ವಿಮಾನಗಳು ಹುಟ್ಟಿದ ಕಾಲದಲ್ಲಿ ನಿಲ್ದಾಣವೆಂದರೆ ಬಹುಮಟ್ಟಿಗೆ ವಿಶಾಲವಾದ ಹುಲ್ಲುಗಾವಲು. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಗೆ ಮುಖಮಾಡಿ ಇಳಿಯಬಹುದಿತ್ತು. ಬಾಲದಡಿಯ ತುಂಡು ಹುಲ್ಲನ್ನು ಕೆರೆಯುತ್ತಾ ಬ್ರೇಕಿನ ಕೆಲಸವನ್ನೂ ದಿಕ್ಕು ಕಾಯುವ ಕೆಲಸವನ್ನೂ ಮಾಡುತ್ತಿತ್ತು. ಇಂದು ಬಹುತೇಕ ಕಡೆ ಇರುವುದು ಒಂದೇ ದಿಕ್ಕಿನ ಗಟ್ಟಿ ರನ್‌ವೇ. ಅಡ್ಡಗಾಳಿಯಲ್ಲಿ ಇಳಿಯಬೇಕಾದಾಗ ಚಕ್ರ, ಬ್ರೇಕ್, ಬಾಲಚಕ್ರಗಳ ಮೇಲೆ ವಿನ್ಯಾಸಕಾರರು ಊಹಿಸಿರದ ಬಗೆಯ ಹೊರೆ ಬೀಳುತ್ತದೆ.

ಹದಿನೇಳು ವರ್ಷ ಯಾರೂ ನೋಡದ ತಿರುಪು

ಯಾಂತ್ರಿಕ ದೋಷ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಬೈಪ್ಲೇನಿನದ್ದಲ್ಲ; ಅದೇ ಕಾಲದ, ಅದೇ ಕೆಲಸಕ್ಕೆ ಬಳಕೆಯಾದ, ಒಂದೇ ಜೊತೆ ರೆಕ್ಕೆಯ ರಯಾನ್ ಪಿಟಿ-22 ಎಂಬ ತರಬೇತಿ ವಿಮಾನದ್ದು. 2015ರ ಮಾರ್ಚ್ 5ರಂದು ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಿಲ್ದಾಣದಿಂದ 1942ರಲ್ಲಿ ತಯಾರಾದ ಈ ವಿಮಾನವನ್ನು ಹಾರಿಸಿಕೊಂಡು ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಶಕ್ತಿ ಕುಂದಿತು. ಹಿಂತಿರುಗಿ ರನ್‌ವೇ ತಲುಪಲು ಎತ್ತರ ಸಾಲದೆಂದು ಅರಿತು ಅವರು ಪಕ್ಕದ ಗಾಲ್ಫ್ ಮೈದಾನದಲ್ಲಿ ಇಳಿಸಲು ಯತ್ನಿಸಿದರು. ವಿಮಾನ ಮರವೊಂದರ ತುದಿಗೆ ತಾಗಿ ನೆಲಕ್ಕಪ್ಪಳಿಸಿತು. ಅವರಿಗೆ ಗಂಭೀರ ಗಾಯಗಳಾದರೂ ಜೀವ ಉಳಿಯಿತು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎಂಜಿನ್ ಬಿಚ್ಚಿ ನೋಡಿದಾಗ, ಗಾಳಿ ಮತ್ತು ಇಂಧನವನ್ನು ಬೆರೆಸುವ ಕಾರ್ಬ್ಯುರೇಟರಿನೊಳಗಿನ ಮುಖ್ಯ ಜೆಟ್ ತನ್ನ ಕುಳಿಯಿಂದ ತಿರುಪು ಕಳಚಿ ಓರೆಯಾಗಿ ತಿರುಗಿರುವುದು ಕಂಡುಬಂತು. ಈ ಜೆಟ್ ಎಂದರೆ ಎಂಜಿನ್ನಿಗೆ ಎಷ್ಟು ಇಂಧನ ಹೋಗಬೇಕೆಂದು ಅಳೆದು ಬಿಡುವ, ಸಣ್ಣ ರಂಧ್ರವಿರುವ ತಿರುಪು. ಅದು ಜಾಗ ಬಿಟ್ಟಾಗ ಅಳತೆಯಿಲ್ಲದೆ ಇಂಧನ ನುಗ್ಗುತ್ತದೆ. ಗಾಳಿ ಮತ್ತು ಇಂಧನದ ಪ್ರಮಾಣ ಕೆಟ್ಟು, ಇಂಧನ ಅತಿಯಾಗಿ, ಎಂಜಿನ್ ಉಸಿರುಗಟ್ಟುತ್ತದೆ. ಟ್ಯಾಂಕಿನಲ್ಲಿ ಇಂಧನವಿದೆ, ಎಂಜಿನ್ ಮುರಿದಿಲ್ಲ, ಆದರೂ ಶಕ್ತಿಯಿಲ್ಲ ಎಂಬ ವಿಚಿತ್ರ ಸ್ಥಿತಿ ಹೀಗೆ ಉಂಟಾಯಿತು.

ತನಿಖೆಯ ಮುಂದಿನ ಅಂಶ ಇದಕ್ಕಿಂತ ಮುಖ್ಯವಾದುದು. ವಿಮಾನವನ್ನು ಪುನರುಜ್ಜೀವನಗೊಳಿಸುವಾಗ, ಅಪಘಾತಕ್ಕೆ ಸುಮಾರು 17 ವರ್ಷಗಳ ಹಿಂದೆ, ಆ ಕಾರ್ಬ್ಯುರೇಟರನ್ನು ಬಿಚ್ಚಿ ಸರಿಪಡಿಸಲಾಗಿತ್ತು. ಆ ಬಳಿಕ ಜೆಟ್‌ಗಳನ್ನು ಇಂತಿಷ್ಟು ಕಾಲಕ್ಕೊಮ್ಮೆ ಪರೀಕ್ಷಿಸಬೇಕೆಂದು ಹೇಳುವ ಯಾವ ಸೂಚನೆಯೂ ನಿರ್ವಹಣಾ ಕೈಪಿಡಿಯಲ್ಲಿ ಇರಲಿಲ್ಲ. ಇಲ್ಲಿ ಮಾಲೀಕರೋ ಮೆಕ್ಯಾನಿಕ್ಕೋ ನಿಯಮ ಮುರಿದರೆಂದು ಹೇಳಲಾಗದು. ಮುರಿಯಲು ನಿಯಮವೇ ಇರಲಿಲ್ಲ. ಮಂಡಳಿ ಇನ್ನೊಂದು ಅಂಶವನ್ನೂ ದಾಖಲಿಸಿತು: ಭುಜದ ಬೆಲ್ಟನ್ನು ಸರಿಯಾದ ಬಲವರ್ಧನೆಯಿಲ್ಲದೆ ಆಸನದ ಬೆನ್ನಿಗೆ ಅಳವಡಿಸಿದ್ದರಿಂದ, ಅಪ್ಪಳಿಸಿದಾಗ ಅದು ಕಿತ್ತುಬಂದು ಗಾಯಗಳ ತೀವ್ರತೆ ಹೆಚ್ಚಿತು. ಹಳೆಯ ವಿಮಾನಕ್ಕೆ ಸುರಕ್ಷತೆಗೆಂದೇ ಸೇರಿಸಿದ ಹೊಸ ಸಾಧನವೂ, ಅದನ್ನು ಹೇಗೆ ಜೋಡಿಸಬೇಕೆಂದು ತೋರುವ ಅಧಿಕೃತ ಮಾರ್ಗದರ್ಶನವಿಲ್ಲದಿದ್ದರೆ, ತನ್ನ ಕೆಲಸ ಮಾಡುವುದಿಲ್ಲ.

ಇಂದಿನ ಪ್ರಯಾಣಿಕ ವಿಮಾನದ ವಿಷಯದಲ್ಲಿ ಹೀಗಾಗುವುದು ಕಷ್ಟ, ಏಕೆಂದರೆ ಅಲ್ಲಿ ಒಂದು ಸರಪಳಿ ಇದೆ. ಜಗತ್ತಿನ ಯಾವುದೋ ಮೂಲೆಯಲ್ಲಿ ತಿರುಪೊಂದು ಸಡಿಲಗೊಂಡರೆ ಆ ಮಾಹಿತಿ ತಯಾರಕರಿಗೆ ಹೋಗುತ್ತದೆ, ತಯಾರಕರು ಎಲ್ಲ ಬಳಕೆದಾರರಿಗೆ ಸೂಚನೆ ಕಳಿಸುತ್ತಾರೆ, ಅಗತ್ಯವಿದ್ದರೆ ನಿಯಂತ್ರಣ ಸಂಸ್ಥೆ ಅದನ್ನು ಕಡ್ಡಾಯಗೊಳಿಸುತ್ತದೆ. ಪಿಟಿ-22ರ ಎಂಜಿನ್ ತಯಾರಿಸಿದ ಕಿನ್ನರ್ ಕಂಪನಿ ಎಂದೋ ಮುಚ್ಚಿಹೋಗಿದೆ. ತಯಾರಕರಿಲ್ಲದ ವಿಮಾನಗಳನ್ನು ಯುರೋಪಿನ ನಿಯಂತ್ರಕರು ಅನಾಥ ವಿಮಾನಗಳೆಂದೇ ಕರೆಯುತ್ತಾರೆ. ಟೈಗರ್ ಮಾತ್ ಈ ವಿಷಯದಲ್ಲಿ ಪುಣ್ಯವಂತ ವಿಮಾನ: ಡಿ ಹ್ಯಾವಿಲೆಂಡ್ ಸಪೋರ್ಟ್ ಎಂಬ ಬ್ರಿಟನ್ನಿನ ಸಣ್ಣ ಸಂಸ್ಥೆಯೊಂದು ಅದರ ವಿನ್ಯಾಸದ ಹೊಣೆಯನ್ನು ಹೊತ್ತುಕೊಂಡಿದೆ. ಆದರೂ ಅಲ್ಲಿಯೂ ಸರಪಳಿ ಕಡಿಯಬಹುದೆಂದು 2013ರ ದುರಂತ ತೋರಿಸಿತು.

ಬದಲಿ ಭಾಗದ ಹೊಣೆ ಯಾರದು?

2013ರ ಡಿಸೆಂಬರ್ 16ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಸೌತ್ ಸ್ಟ್ರಾಡ್‌ಬ್ರೋಕ್ ದ್ವೀಪದ ಬಳಿ, ಪ್ರವಾಸಿಯೊಬ್ಬರನ್ನು ಕೂರಿಸಿಕೊಂಡು ಕಸರತ್ತಿನ ಹಾರಾಟ ನಡೆಸುತ್ತಿದ್ದ ಟೈಗರ್ ಮಾತ್‌ನ ರೆಕ್ಕೆ ಆಕಾಶದಲ್ಲೇ ಕಳಚಿ, ಪೈಲಟ್ ಮತ್ತು ಪ್ರಯಾಣಿಕ ಇಬ್ಬರೂ ಸತ್ತರು. ಇದು ಇಳಿಕೆಯ ಅವಘಡವಲ್ಲ. ಆದರೂ ಯಾಂತ್ರಿಕ ದೋಷದ ಚರ್ಚೆ ಇದನ್ನು ಬಿಟ್ಟು ಪೂರ್ಣವಾಗುವುದಿಲ್ಲ.

ಟೈಗರ್ ಮಾತ್‌ನ ಒಡಲಿನ ತಳದಲ್ಲಿ ಎಡಬದಿಯಿಂದ ಬಲಬದಿಗೆ ಎರಡು ಉಕ್ಕಿನ ಸರಳುಗಳು ಹಾದುಹೋಗುತ್ತವೆ. ಕೆಳಗಿನ ರೆಕ್ಕೆಗಳ ಬುಡಗಳ ನಡುವಿನ ಎಳೆತವನ್ನು ಹೊರುವುದು ಈ ಸರಳುಗಳೇ. ಇವುಗಳಿಗೆ 2,000 ಹಾರಾಟದ ಗಂಟೆಗಳ ಬಾಳಿಕೆಯ ಮಿತಿ ನಿಗದಿಯಾಗಿತ್ತು. ಆ ವಿಮಾನದ ಸರಳುಗಳು ಮಿತಿಯನ್ನು ತಲುಪುವ ಬಹಳ ಮೊದಲೇ ತುಂಡಾದವು. ತಿರುಪಿನ ಎಳೆಗಳಿರುವ ಜಾಗದಲ್ಲಿ ಲೋಹದ ದಣಿವಿನಿಂದ ಬಿರುಕುಗಳು ಮೊದಲೇ ಹುಟ್ಟಿಕೊಂಡಿದ್ದವು. ಒಂದೇ ಲೋಹದ ತುಂಡನ್ನು ಸಾವಿರಾರು ಬಾರಿ ಎಳೆದು ಬಿಟ್ಟರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಶುರುವಾಗುತ್ತದೆ, ಮತ್ತು ತಿರುಪಿನ ಎಳೆಯಂತಹ ಚೂಪಾದ ಕೊರಕಲಿರುವಲ್ಲಿ ಒತ್ತಡ ಒಂದೆಡೆ ಸೇರುವುದರಿಂದ ಬಿರುಕು ಅಲ್ಲೇ ಬೇಗ ಹುಟ್ಟುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ ಆ ಸರಳುಗಳು 1940ರ ದಶಕದವಲ್ಲ. ಮೂಲ ತಯಾರಕರವೂ ಅಲ್ಲ. ಅವು ಆಸ್ಟ್ರೇಲಿಯಾದಲ್ಲಿ, ಅಲ್ಲಿನ ನಿಯಂತ್ರಣ ಸಂಸ್ಥೆಯ ಅನುಮೋದನೆಯಡಿ ತಯಾರಾದ ಬದಲಿ ಭಾಗಗಳು. ಅನುಮೋದನೆ ಕೊಟ್ಟ ಪ್ರಕ್ರಿಯೆಯನ್ನೂ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ ಪ್ರಶ್ನಿಸಿತು. ವಿಮಾನ ಹಳೆಯದಾಗಿದ್ದರಿಂದ ಮುರಿಯಿತು ಎಂಬ ಸರಳ ವಿವರಣೆ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಮುರಿದದ್ದು ವಿಮಾನದ ಹೊಸ ಭಾಗ. ಹಳೆಯ ಭಾಗವನ್ನು ಬದಲಿಸಿದೊಡನೆ ಅಪಾಯ ಹೋಗುತ್ತದೆಂಬ ನಂಬಿಕೆಯೂ ಇದರಿಂದ ದುರ್ಬಲವಾಗುತ್ತದೆ. ಹೊಸ ಭಾಗವು ಮೂಲ ಭಾಗದಷ್ಟೇ ಬಾಳುತ್ತದೆಂದು ಯಾರಾದರೂ ಪರೀಕ್ಷಿಸಿ ತೋರಿಸದ ಹೊರತು, 2,000 ಗಂಟೆ ಎಂಬ ಸಂಖ್ಯೆ ಆ ಭಾಗಕ್ಕೆ ಅನ್ವಯಿಸುವುದೇ ಇಲ್ಲ.

ಬಟ್ಟೆ ಗಟ್ಟಿಯಾದಾಗ ಮರ ಮರೆಯಾಯಿತು

ಮರದ ರೆಕ್ಕೆಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಬದಲಾವಣೆಯೊಂದು ನಡೆದಿದೆ. ಇದರ ಬಗ್ಗೆ ಸಾರ್ವಜನಿಕ ಚರ್ಚೆಯಲ್ಲಿ ಮಾತು ಕಡಿಮೆ. ಬೈಪ್ಲೇನಿನ ರೆಕ್ಕೆಯ ಎಲುಬು ಮರದ್ದು, ಹೊದಿಕೆ ಬಟ್ಟೆಯದ್ದು. ಹಿಂದೆ ಬಳಸುತ್ತಿದ್ದ ಹತ್ತಿ ಅಥವಾ ನಾರಿನ ಬಟ್ಟೆ ಬಿಸಿಲು ಮಳೆಗಳಿಗೆ ಕೆಲವು ವರ್ಷಗಳಲ್ಲೇ ಹಾಳಾಗುತ್ತಿತ್ತು. ಅದನ್ನು ಕಿತ್ತು ಹೊಸದನ್ನು ಹೊದಿಸುವಾಗ ಒಳಗಿನ ಮರ, ಅಂಟು, ಮೊಳೆ, ತಂತಿ ಎಲ್ಲವೂ ಕಣ್ಣಿಗೆ ಬೀಳುತ್ತಿದ್ದವು. ಆ ತಪಾಸಣೆ ಯಾವ ಕೈಪಿಡಿಯ ಆದೇಶದಿಂದಲೂ ನಡೆಯಬೇಕಿರಲಿಲ್ಲ. ಬಟ್ಟೆಯ ಅಲ್ಪಾಯುಷ್ಯವೇ ಅದನ್ನು ಮಾಡಿಸುತ್ತಿತ್ತು.

ಈಗ ಬಳಕೆಯಲ್ಲಿರುವ ಪಾಲಿಯೆಸ್ಟರ್ ಬಟ್ಟೆ, ವಿಮಾನವನ್ನು ಹ್ಯಾಂಗರಿನಲ್ಲಿ ಇಟ್ಟರೆ, ದಶಕಗಳ ಕಾಲ ಬಾಳುತ್ತದೆ. ಮಾಲೀಕರಿಗೆ ಇದು ದೊಡ್ಡ ಉಳಿತಾಯ. ಆದರೆ ಒಳಗಿನ ಅಂಟು ತೇವಕ್ಕೆ ಸಡಿಲವಾಗುವುದು, ಹಿಂದಿನ ಒರಟು ಇಳಿಕೆಯೊಂದರಲ್ಲಿ ಮರದ ತೊಲೆಗೆ ಒಳಬಿರುಕು ಬಿದ್ದಿರುವುದು, ಲೋಹದ ಜೋಡಣೆಗಳು ತುಕ್ಕು ಹಿಡಿಯುವುದು ನಿಂತಿಲ್ಲ. ಅವು ಕಾಣುವ ಅವಕಾಶ ಮಾತ್ರ ಹತ್ತು ವರ್ಷದಿಂದ ಇಪ್ಪತ್ತು, ಮೂವತ್ತು ವರ್ಷಕ್ಕೆ ಮುಂದೂಡಲ್ಪಟ್ಟಿದೆ. ಒಂದು ಸುಧಾರಣೆ ಇನ್ನೊಂದು ರಕ್ಷಣೆಯನ್ನು ಸದ್ದಿಲ್ಲದೆ ತೆಗೆದುಹಾಕಿದೆ. ಅದರ ಜಾಗವನ್ನು ತುಂಬುವ ಕಡ್ಡಾಯ ತಪಾಸಣೆ ಎಲ್ಲೆಡೆ ಬಂದಿಲ್ಲ.

ಯಂತ್ರ ಕೆಟ್ಟ ಮೇಲೆ ನಡೆಯುವುದು

ಯಾಂತ್ರಿಕ ದೋಷವನ್ನೂ ಮನುಷ್ಯನ ತಪ್ಪನ್ನೂ ಎರಡು ಬೇರೆ ಪೆಟ್ಟಿಗೆಗಳಲ್ಲಿ ಇಡುವ ಸುದ್ದಿಯ ಪದ್ಧತಿಯೂ ಗೊಂದಲಕ್ಕೆ ಕಾರಣ. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರ್ಯಾಡ್ಲಿ ನಿಲ್ದಾಣದಲ್ಲಿ ನಡೆದ ಬಿ-17 ಬಾಂಬರ್ ವಿಮಾನದ ಅಪಘಾತ ಇದನ್ನು ವಿವರಿಸುತ್ತದೆ. ನಾಲ್ಕು ಎಂಜಿನ್ನುಗಳ ಈ ಯುದ್ಧಕಾಲದ ವಿಮಾನದಲ್ಲಿ ಹಣ ಕೊಟ್ಟು ಬಂದ 10 ಪ್ರಯಾಣಿಕರೂ 3 ಸಿಬ್ಬಂದಿಯೂ ಇದ್ದರು. ಮೇಲೇರುವಾಗಲೇ ಒಂದು ಎಂಜಿನ್ ಶಕ್ತಿ ಕಳೆದುಕೊಂಡಿತು, ಪೈಲಟ್ ಅದನ್ನು ನಿಲ್ಲಿಸಿ ಹಿಂತಿರುಗಿದರು, ವಿಮಾನ ರನ್‌ವೇಗಿಂತ ಮೊದಲೇ ನೆಲ ಮುಟ್ಟಿ ಬಲಕ್ಕೆ ಜಾರಿ ಕಟ್ಟಡವೊಂದಕ್ಕೆ ಅಪ್ಪಳಿಸಿತು. ಇಬ್ಬರು ಪೈಲಟ್‌ಗಳೂ ಐವರು ಪ್ರಯಾಣಿಕರೂ ಸತ್ತರು.

ನಿಲ್ಲಿಸಿದ ಎಂಜಿನ್ನಿನ ಸಿಲಿಂಡರುಗಳಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊಗಳು ಕೆಟ್ಟಿದ್ದವು. ಮತ್ತೊಂದು ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳೂ ಸರಿಯಾದ ಸ್ಥಿತಿಯಲ್ಲಿರಲಿಲ್ಲ. ಆದರೆ ಅಂತಿಮ ವರದಿ ಮುಖ್ಯ ಕಾರಣವೆಂದು ಹೆಸರಿಸಿದ್ದು, ಎಂಜಿನ್ ನಿಲ್ಲಿಸಿದ ಬಳಿಕ ಪೈಲಟ್ ವಿಮಾನದ ವೇಗವನ್ನೂ, ಚಕ್ರ ಇಳಿಸುವಂತಹ ಸಂರಚನೆಯನ್ನೂ ಸರಿಯಾಗಿ ನಿಭಾಯಿಸದಿದ್ದುದನ್ನು. ಪ್ರವಾಸದ ಅವಧಿಯಲ್ಲಿ ನಿರ್ವಹಣೆಯ ಹೊಣೆ ಹೊತ್ತಿದ್ದವರೂ ಅದೇ ಪೈಲಟ್. ಆ ನಿರ್ವಹಣೆ ಸಾಲದಾಗಿತ್ತು, ನಡೆಸುತ್ತಿದ್ದ ಪ್ರತಿಷ್ಠಾನದ ಸುರಕ್ಷತಾ ವ್ಯವಸ್ಥೆ ಪರಿಣಾಮಕಾರಿಯಾಗಿರಲಿಲ್ಲ, ಆ ವ್ಯವಸ್ಥೆಯ ಮೇಲೆ ಫೆಡರಲ್ ವಿಮಾನಯಾನ ಆಡಳಿತದ ಮೇಲ್ವಿಚಾರಣೆಯೂ ಸಾಲದಾಗಿತ್ತು ಎಂದು ವರದಿ ಸೇರಿಸಿತು. 2020ರ ಮಾರ್ಚ್‌ನಲ್ಲಿ ಆ ಪ್ರತಿಷ್ಠಾನಕ್ಕಿದ್ದ, ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಅನುಮತಿ ರದ್ದಾಯಿತು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. 2018ರ ಆಗಸ್ಟ್ 4ರಂದು ಸ್ವಿಟ್ಜರ್ಲೆಂಡಿನ ಪರ್ವತಗಳಲ್ಲಿ ಹಳೆಯ ಯುಂಕರ್ಸ್ 52 ವಿಮಾನ ಬಿದ್ದು 20 ಜನ ಸತ್ತಾಗ, ಕಾರಣ ಪೈಲಟ್‌ಗಳ ಅಪಾಯಕಾರಿ ಹಾರಾಟವೆಂದು ತೀರ್ಮಾನವಾಯಿತು. ಆದರೆ ಅವಶೇಷಗಳನ್ನು ಪರೀಕ್ಷಿಸುವಾಗ ತುಕ್ಕು ಮತ್ತು ಇತರ ತಾಂತ್ರಿಕ ಕೊರತೆಗಳು ಬೆಳಕಿಗೆ ಬಂದವು. ಅವು ಆ ಅಪಘಾತಕ್ಕೆ ಕಾರಣವಲ್ಲ. ಆದರೂ ಯಾವ ತಪಾಸಣೆಯಲ್ಲೂ ಕಾಣದೆ ಅಲ್ಲಿದ್ದವು. 2019ರಲ್ಲಿ ಆ ಮಾದರಿಯ ವಾಣಿಜ್ಯ ಪ್ರಯಾಣಿಕ ಹಾರಾಟಕ್ಕೆ ಸ್ವಿಸ್ ನಿಯಂತ್ರಕರು ತಡೆಹಾಕಿದರು.

ಹಾರಲಿ ಎನ್ನುವವರು, ಸಾಕು ಎನ್ನುವವರು

ಹಳೆಯ ವಿಮಾನಗಳ ಮಾಲೀಕರ ಮತ್ತು ಪರಂಪರೆಯ ಆಸಕ್ತರ ವಾದ ಹಗುರವಾದುದಲ್ಲ. ಹಾರದ ವಿಮಾನವನ್ನು ರಿಪೇರಿ ಮಾಡುವ ಕೌಶಲ ಯಾರಿಗೂ ಬೇಡವಾಗುತ್ತದೆ. ಬಟ್ಟೆ ಹೊದಿಸುವವರು, ಮ್ಯಾಗ್ನೆಟೊ ತಿಳಿದವರು, ರೇಡಿಯಲ್ ಎಂಜಿನ್ ಬಿಚ್ಚಿ ಜೋಡಿಸಬಲ್ಲವರು ಒಂದು ಪೀಳಿಗೆಯಲ್ಲಿ ಇಲ್ಲವಾಗುತ್ತಾರೆ. ಪ್ರಯಾಣಿಕರಿಂದ ಬರುವ ಹಣವೇ ನಿರ್ವಹಣೆಯ ಖರ್ಚನ್ನು ಹೊರುವುದರಿಂದ, ಅದನ್ನು ನಿಲ್ಲಿಸಿದರೆ ಸುರಕ್ಷತೆ ಹೆಚ್ಚುವ ಬದಲು ಕುಗ್ಗುತ್ತದೆ ಎಂದೂ ಅವರು ಹೇಳುತ್ತಾರೆ. ಬ್ರಿಟನ್ ಈ ವಾದವನ್ನು ಭಾಗಶಃ ಒಪ್ಪಿ 2015ರಲ್ಲಿ ಒಂದು ಪದ್ಧತಿಯನ್ನು ತಂದಿತು. ಅದರ ಪ್ರಕಾರ, ಪ್ರಯಾಣಿಕ ವಿಮಾನಗಳ ಸುರಕ್ಷತಾ ಮಟ್ಟ ಇಲ್ಲಿ ಇಲ್ಲವೆಂದು ಮೊದಲೇ ವಿವರಿಸಿ, ಲಿಖಿತ ಒಪ್ಪಿಗೆ ಪಡೆದು, ಕೆಲವು ಬಗೆಯ ಹಳೆಯ ವಿಮಾನಗಳಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯಬಹುದು.

ತನಿಖಾಧಿಕಾರಿಗಳ ನಿಲುವು ಬೇರೆ. ಟಿಕೆಟ್ ಕೊಂಡವರಿಗೆ, ಅವರು ಏರುವ ವಿಮಾನ ಯಾವ ಕಾಲದ್ದೇ ಆಗಿರಲಿ, ಕನಿಷ್ಠ ಮಟ್ಟದ ನಿರ್ವಹಣೆ ಮತ್ತು ಮೇಲ್ವಿಚಾರಣೆಯ ಭರವಸೆ ಸಿಗಬೇಕೆಂದು ಅಮೆರಿಕದ ಮಂಡಳಿ 2021ರಲ್ಲಿ ಶಿಫಾರಸು ಮಾಡಿತು. ವಸ್ತುಸಂಗ್ರಹಾಲಯಗಳ ಕಡೆಯಿಂದ ಮೂರನೆಯ ವಾದವೊಂದಿದೆ: ಹಾರುವ ವಿಮಾನದ ಭಾಗಗಳನ್ನು ಬದಲಿಸುತ್ತಲೇ ಇರಬೇಕಾದ್ದರಿಂದ ಕೊನೆಗೆ ಮೂಲ ವಸ್ತುವೇ ಉಳಿಯುವುದಿಲ್ಲ. ಭಾರತೀಯ ವಾಯುಪಡೆಯ ಮೊದಲ ವಿಮಾನಗಳಾದ ವೆಸ್ಟ್‌ಲ್ಯಾಂಡ್ ವಾಪಿಟಿ ಬೈಪ್ಲೇನ್‌ಗಳಲ್ಲಿ ಒಂದು ಇಂದಿಗೂ ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ನೋಡಸಿಗುವುದು ಅದು ನೆಲದ ಮೇಲೆ ಉಳಿದುದರಿಂದಲೇ.

ಒಪ್ಪಿಗೆಯ ವಾದದಲ್ಲಿ ನನಗೆ ಎರಡು ಬಿರುಕುಗಳು ಕಾಣುತ್ತವೆ. ಒಪ್ಪಿಗೆಗೆ ಅರ್ಥ ಬರುವುದು ಅಪಾಯ ಏನೆಂದು ಹೇಳಬಲ್ಲವರಿದ್ದಾಗ. ಕಾರ್ಬ್ಯುರೇಟರಿನ ಜೆಟ್ ಸಡಿಲವಾಗಿದೆಯೆಂದಾಗಲಿ, ಬದಲಿ ಸರಳಿನಲ್ಲಿ ಬಿರುಕಿದೆಯೆಂದಾಗಲಿ ಹಾರಿಸುವವರಿಗೇ ಗೊತ್ತಿಲ್ಲದಿರುವಾಗ, ಪ್ರಯಾಣಿಕ ಸಹಿ ಹಾಕುವುದು ಯಾವ ಅಪಾಯಕ್ಕೆ? ಎರಡನೆಯದು, ನೆಲದ ಮೇಲಿರುವವರು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಳೆಯ ಹಂಟರ್ ಜೆಟ್ ಹೆದ್ದಾರಿಯ ಮೇಲೆ ಬಿದ್ದು ಸತ್ತ 11 ಜನರೂ ನೆಲದ ಮೇಲಿದ್ದವರು. ಅಲ್ಲಿ ಕಾರಣ ಪೈಲಟ್ ಸಾಲದ ಎತ್ತರ ಮತ್ತು ವೇಗದಲ್ಲಿ ಕಸರತ್ತು ಮಾಡಿದ್ದು. ಆದರೆ ಯಾರ ಒಪ್ಪಿಗೆ ಲೆಕ್ಕಕ್ಕೆ ಬರಬೇಕು ಎಂಬ ಪ್ರಶ್ನೆ ಯಾಂತ್ರಿಕ ದೋಷಕ್ಕೂ ಅನ್ವಯಿಸುತ್ತದೆ.

ಹಾಗೆಂದು ಸಂಪೂರ್ಣ ನಿಷೇಧವೂ ಸಮರ್ಥನೀಯವಲ್ಲ. ಒಬ್ಬ ಪೈಲಟ್ ತನ್ನದೇ ಟೈಗರ್ ಮಾತ್ ಅನ್ನು ಹಳ್ಳಿಗಾಡಿನ ಹುಲ್ಲುಮೈದಾನದಿಂದ ಹಾರಿಸುವುದಕ್ಕೂ, ಟಿಕೆಟ್ ಮಾರಿ ದಿನಕ್ಕೆ ಹಲವು ಬಾರಿ ಪ್ರವಾಸಿಗರನ್ನು ಒಯ್ಯುವುದಕ್ಕೂ, ಜನಸಂದಣಿಯ ಮೇಲೆ ಪ್ರದರ್ಶನ ನೀಡುವುದಕ್ಕೂ ಒಂದೇ ನಿಯಮ ಸಲ್ಲದು. ಯುರೋಪಿನ ಕಾನೂನು 1955ಕ್ಕಿಂತ ಮೊದಲು ವಿನ್ಯಾಸಗೊಂಡು 1975ಕ್ಕಿಂತ ಮೊದಲು ತಯಾರಿಕೆ ನಿಂತ ಸರಳ ವಿಮಾನಗಳನ್ನು ಒಕ್ಕೂಟದ ಸಾಮಾನ್ಯ ನಿಯಮದಿಂದ ಹೊರಗಿಟ್ಟು ಆಯಾ ದೇಶಕ್ಕೆ ಬಿಟ್ಟಿದೆ. ಅದರಿಂದ ಹೊಂದಿಕೊಳ್ಳುವ ಅವಕಾಶ ಸಿಕ್ಕಿದೆ. ಆದರೆ ಒಂದು ದೇಶದಲ್ಲಿ ಕಂಡ ಬಿರುಕಿನ ಸುದ್ದಿ ಮತ್ತೊಂದು ದೇಶವನ್ನು ಕಡ್ಡಾಯವಾಗಿ ತಲುಪುವ ದಾರಿ ತೆಳುವಾಗಿದೆ.

ಭಾರತದ ಮಟ್ಟಿಗೆ

ಟೈಗರ್ ಮಾತ್ ಭಾರತಕ್ಕೆ ಪರಕೀಯ ವಿಮಾನವಲ್ಲ. ಯುದ್ಧಕಾಲದಲ್ಲಿ ಬೇಗಂಪೇಟೆ ಮತ್ತು ಜೋಧಪುರದ ಶಾಲೆಗಳಲ್ಲಿ ವಾಯುಪಡೆಯ ಪೈಲಟ್‌ಗಳು ಕಲಿತದ್ದು ಇದರಲ್ಲೇ. ಅದರ ಜಾಗಕ್ಕೆ ಬಂದ ಎಚ್‌ಟಿ-2, ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಹಾರಿತು. ಎಚ್‌ಎಎಲ್‌ನ ಬೆಂಗಳೂರಿನ ಪರಂಪರೆ ಕೇಂದ್ರದಲ್ಲಿ ಅದನ್ನು ಈಗಲೂ ನೋಡಬಹುದು.

ವಾಯುಪಡೆಯ ಪರಂಪರೆ ವಿಭಾಗಕ್ಕಾಗಿ ಟೈಗರ್ ಮಾತ್ ಒಂದನ್ನು ಮತ್ತೆ ಹಾರುವಂತೆ ಮಾಡಿದ್ದು ಬ್ರಿಟನ್ನಿನಲ್ಲಿ; ಅದು 2012ರ ವಾಯುಪಡೆ ದಿನದಂದು ದೆಹಲಿ ಬಳಿಯ ಹಿಂಡನ್‌ನಲ್ಲಿ ಹಾರಿತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಡುಗೆಯಾಗಿ ನೀಡಿದ, ಯುದ್ಧಕಾಲದ ಡಕೋಟ ಸಾಗಣೆ ವಿಮಾನವೂ ಬ್ರಿಟನ್ನಿನಲ್ಲೇ ಸಜ್ಜಾಗಿ 2018ರಲ್ಲಿ ಇಲ್ಲಿಗೆ ಹಾರಿ ಬಂತು. ಡಕೋಟಗಳನ್ನು ಯುದ್ಧಕಾಲದಲ್ಲಿ ದುರಸ್ತಿ ಮಾಡುತ್ತಿದ್ದ ಬೆಂಗಳೂರಿನಂತಹ ಕೇಂದ್ರವಿದ್ದ ದೇಶ, ಅದೇ ವಿಮಾನವನ್ನು ಸಜ್ಜುಗೊಳಿಸಲು ಹೊರಗೆ ಹೋಗಬೇಕಾದದ್ದು ಕೌಶಲದ ಸರಪಳಿ ಎಷ್ಟು ಬೇಗ ಕಡಿಯುತ್ತದೆ ಎಂಬುದನ್ನು ಹೇಳುತ್ತದೆ. ಇಲ್ಲಿ ಹಾರುವ ಸ್ಥಿತಿಯಲ್ಲಿರುವ ಹಳೆಯ ವಿಮಾನಗಳು ಬೆರಳೆಣಿಕೆಯಷ್ಟು. ವಾಯುಪಡೆಯ ಶಿಸ್ತಿನೊಳಗೆ ಅವುಗಳ ಹಾರಾಟವೂ ಸೀಮಿತ, ಟಿಕೆಟ್ ಕೊಳ್ಳುವ ಪ್ರಯಾಣಿಕರೂ ಇಲ್ಲ. ಆದ್ದರಿಂದ ತಕ್ಷಣದ ಅಪಾಯಕ್ಕಿಂತ ಜ್ಞಾನದ ಕೊರತೆಯೇ ಇಲ್ಲಿ ದೊಡ್ಡ ಸಮಸ್ಯೆ.

ಮುಂದೆ ಆಗಬಹುದಾದದ್ದು

ಪ್ರತಿಯೊಂದು ಅವಘಡದ ಬಳಿಕವೂ ವಿಮೆಯ ಕಂತು ಏರುತ್ತದೆ, ಸಣ್ಣ ಮಾಲೀಕರು ಹಿಂದೆ ಸರಿಯುತ್ತಾರೆ, ವಿಮಾನಗಳು ದೊಡ್ಡ ಪ್ರತಿಷ್ಠಾನಗಳ ಅಥವಾ ಸಂಗ್ರಹಾಲಯಗಳ ಕೈಸೇರುತ್ತವೆ. ಇನ್ನೊಂದು ದಾರಿ ಹಳೆಯ ವಿನ್ಯಾಸವನ್ನೇ ಹೊಸದಾಗಿ ಕಟ್ಟುವುದು: ಅಮೆರಿಕದ ಮಿಚಿಗನ್ ರಾಜ್ಯದಲ್ಲಿ 1930ರ ದಶಕದ ವ್ಯಾಕೊ ಬೈಪ್ಲೇನನ್ನು 1980ರ ದಶಕದಿಂದ ಮತ್ತೆ ತಯಾರಿಸಲಾಗುತ್ತಿದೆ. ಅಲ್ಲಿ ಲೋಹ ಹೊಸದು, ಜೊತೆಗೆ ಕೈಪಿಡಿ ಬರೆದು ಸೂಚನೆ ಕಳಿಸುವ ತಯಾರಕರೂ ಇದ್ದಾರೆ. ಪ್ರವಾಸಿಗರನ್ನು ಒಯ್ಯುವ ವ್ಯವಹಾರ ನಿಧಾನವಾಗಿ ಇಂತಹ ವಿಮಾನಗಳತ್ತ ಸರಿಯುವ ಸಾಧ್ಯತೆ ಹೆಚ್ಚು. ಮೂಲ ವಿಮಾನಗಳಿಗೆ ಬೇಕಾದದ್ದು ಬಟ್ಟೆ ಕೀಳದೆ ಒಳಗೆ ನೋಡುವ ಸಣ್ಣ ಕ್ಯಾಮೆರಾಗಳು, ಬಿರುಕು ಪತ್ತೆಹಚ್ಚುವ ಶ್ರವಣಾತೀತ ಧ್ವನಿಯ ಪರೀಕ್ಷೆಗಳು ಮತ್ತು ಅವುಗಳನ್ನು ಯಾವಾಗ ಮಾಡಬೇಕೆಂದು ನಿಗದಿಪಡಿಸುವ ಜವಾಬ್ದಾರಿಯುತ ಸಂಸ್ಥೆ. ಉಪಕರಣಗಳು ಈಗಾಗಲೇ ಇವೆ. ಕೊನೆಯದಕ್ಕೆ ಹಣ ಕೊಡುವವರು ಕಡಿಮೆ.

ನಿಲ್ದಾಣಗಳ ಸುತ್ತಲಿನ ಬಯಲೂ ಈ ಲೆಕ್ಕದಲ್ಲಿ ಸೇರಬೇಕು. ಎಂಜಿನ್ ನಿಂತ ಬೈಪ್ಲೇನಿಗೆ ನಿಧಾನ ವೇಗ ಕೊಡುವ ಅನುಕೂಲ, ಇಳಿಯಲು ತೆರೆದ ಜಾಗವಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. 2015ರಲ್ಲಿ ಪಿಟಿ-22ಕ್ಕೆ ಗಾಲ್ಫ್ ಮೈದಾನ ಸಿಕ್ಕಿತು. ಮನೆಗಳಿಂದ ಸುತ್ತುವರಿದ ಸಾಂಟಾ ಮೋನಿಕಾ ನಿಲ್ದಾಣವನ್ನು 2028ರ ಬಳಿಕ ಮುಚ್ಚಲು ಅಲ್ಲಿನ ನಗರಾಡಳಿತಕ್ಕೆ ಅವಕಾಶ ಕೊಡುವ ಒಪ್ಪಂದ 2017ರಲ್ಲೇ ಆಗಿದೆ. ಬೆಂಗಳೂರಿನ ಜಕ್ಕೂರು ಹಾರಾಟ ಶಾಲೆ 1940ರ ದಶಕದ ಕೊನೆಯಲ್ಲಿ ಶುರುವಾದಾಗ ಸುತ್ತಲೂ ಹೊಲ ಮತ್ತು ಕೆರೆಯ ಬಯಲಿತ್ತು. ಈಗ ನಗರ ಅದನ್ನು ಎಲ್ಲ ಕಡೆಯಿಂದ ಒತ್ತುತ್ತಿದೆ. ಅಲ್ಲಿಂದ ಮೇಲೇರುವ ಒಂದೇ ಎಂಜಿನ್ನಿನ ತರಬೇತಿ ವಿಮಾನ ಎಷ್ಟೇ ಹೊಸದಾಗಿದ್ದರೂ, ಎಂಜಿನ್ ಕೈಕೊಟ್ಟ ಕ್ಷಣದಲ್ಲಿ ಅದರ ಪೈಲಟ್ ಹುಡುಕಬೇಕಾದದ್ದು ಅಂತಹದೇ ಬಯಲನ್ನು.